ಮನೆಯಲ್ಲಿ ದವನ ಬೆಳೆಸುವುದು: ಬೀಜ ಕಟ್ಟುವುದರಿಂದ ಕೊಯ್ಲಿನವರೆಗೆ ಹಂತ ಹಂತವಾಗಿ

ದವನ ಹಾಕಿ ಕೈಸುಟ್ಟುಕೊಂಡವರ ಮಾತು ಸಾಮಾನ್ಯವಾಗಿ ಮೂರೇ ಬಗೆ. "ಬೀಜ ಹಾಕಿದೆ, ಒಂದೂ ಹುಟ್ಟಲಿಲ್ಲ." "ಹುಟ್ಟಿತು, ಆದರೆ ಎರಡೇ ವಾರದಲ್ಲಿ ಎಲ್ಲಾ ಮಲಗಿಬಿಟ್ಟಿತು." "ಗಿಡ ಚೆನ್ನಾಗೇ ಬಂತು, ಪರಿಮಳವೇ ಇಲ್ಲ." ಮೂರಕ್ಕೂ ಕಾರಣ ಬೇರೆ ಬೇರೆ. ಆದರೆ ಮೂರೂ ತಪ್ಪಿಸಬಹುದಾದವೇ.

ಮೊದಲು ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಳ್ಳಿ. ದವನ ಮಲ್ಲಿಗೆಯ ಹಾಗೆ ವರ್ಷಗಟ್ಟಲೆ ಇರುವ ಗಿಡವಲ್ಲ. ಚಳಿಗಾಲದಲ್ಲಿ ಹುಟ್ಟಿ, ಬಿಸಿಲು ಜೋರಾಗುವ ಹೊತ್ತಿಗೆ ಹೂ ಬಿಟ್ಟು, ಬೀಜ ಕಟ್ಟಿ ಒಣಗಿಹೋಗುತ್ತದೆ. ಬಿತ್ತನೆಯಿಂದ ಕೊಯ್ಲಿಗೆ ಸುಮಾರು 110ರಿಂದ 115 ದಿನ. ಅಷ್ಟು ಚಿಕ್ಕ ಆಯುಸ್ಸಿನಲ್ಲಿ ಹದಿನೈದು ದಿನ ತಡವಾದರೂ ದೊಡ್ಡ ನಷ್ಟ. ಹಾಗಾಗಿ ಇಲ್ಲಿ ಗೊಬ್ಬರಕ್ಕಿಂತ, ಔಷಧಕ್ಕಿಂತ ಕ್ಯಾಲೆಂಡರ್ ಮುಖ್ಯ. ಮುಂದಿನ ಹಂತಗಳನ್ನು ಹೇಳಿದ ಕ್ರಮದಲ್ಲೇ ಮಾಡಿ. ನಡುವೆ ಒಂದನ್ನು ಬಿಟ್ಟರೆ ಅದರ ತೊಂದರೆ ಎರಡು ಹಂತ ಆದಮೇಲೆ ಕಾಣಿಸಿಕೊಳ್ಳುತ್ತದೆ. ಆಗ ಸರಿಮಾಡಲು ಸಮಯ ಇರುವುದಿಲ್ಲ.

ಬೇಕಾಗುವ ಸಾಮಾನು

- ಅಗಲವಾದ, ಆಳ ಕಡಿಮೆ ಇರುವ ಒಂದು ಕುಂಡ ಅಥವಾ ಟ್ರೇ (4 ಇಂಚು ಆಳ ಸಾಕು, ತಳದಲ್ಲಿ ತೂತು ಇರಲೇಬೇಕು)
- ನಾಟಿಗೆ 12 ಇಂಚಿನ ಕುಂಡಗಳು ಅಥವಾ ಗ್ರೋ ಬ್ಯಾಗ್
- ಕೆಮ್ಮಣ್ಣು, ಸಣ್ಣ ಮರಳು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ
- ಮಣ್ಣು ಜಾಲಿಸುವ ಜರಡಿ
- ತೆಳು ಹತ್ತಿ ಬಟ್ಟೆಯ ತುಂಡು (ಹಳೆಯ ಪಂಚೆ ಚೆನ್ನಾಗಿರುತ್ತದೆ)
- ಮಂಜಿನಂತೆ ನೀರು ಬಿಡುವ ಸ್ಪ್ರೇ ಬಾಟಲಿ
- ನೀರು ತುಂಬಿಡಲು ಅಗಲವಾದ ಟಬ್ ಅಥವಾ ಬಾಂಡ್ಲಿ
- ಟ್ರೈಕೋಡರ್ಮಾ ಪುಡಿ (ಕೊಳೆ ರೋಗ ತಡೆಯುವ ಒಳ್ಳೆಯ ಶಿಲೀಂಧ್ರ, ಕೃಷಿ ಔಷಧದ ಅಂಗಡಿಯಲ್ಲಿ ಸಿಗುತ್ತದೆ)
- ಹಳೆಯ ಚಮಚ, ಕತ್ತರಿ, ಕಾಗದದ ಪೊಟ್ಟಣಗಳು

ಸ್ಪ್ರೇ ಬಾಟಲಿ ಇಲ್ಲದೆ ಶುರು ಮಾಡಬೇಡಿ. ಚೊಂಬಿನಲ್ಲಿ ಸುರಿದ ನೀರಿಗೆ ದವನದ ಬೀಜ ಒಂದು ಮೂಲೆಗೆ ಕೊಚ್ಚಿಕೊಂಡು ಹೋಗುತ್ತದೆ. ಅಷ್ಟು ಸಣ್ಣ ಬೀಜ ಅದು.

ಹಂತ 1: ದಿನ ಗೊತ್ತುಮಾಡಿಕೊಳ್ಳುವುದು

ಬೆಂಗಳೂರು, ಕೋಲಾರ, ತುಮಕೂರು, ಮೈಸೂರು, ಹಾಸನದ ಕಡೆ ನವೆಂಬರ್ ಮೊದಲ ಎರಡು ವಾರ ಬಿತ್ತನೆಗೆ ಒಳ್ಳೆಯ ಕಾಲ. ಹೀಗೆ ಹಾಕಿದ್ದು ಫೆಬ್ರವರಿ ಕೊನೆಗೆ ಕೊಯ್ಲಿಗೆ ಬರುತ್ತದೆ. ದವನಕ್ಕೆ ಬೇಕಾದ ಚಳಿ, ಬೆಳಗಿನ ಇಬ್ಬನಿ, ಹಗಲಿನ ಹಿತವಾದ ಬಿಸಿಲು ಮೂರೂ ಈ ತಿಂಗಳುಗಳಲ್ಲೇ ಸಿಗುತ್ತವೆ.

ಚೈತ್ರದ ದವನದ ಹುಣ್ಣಿಮೆಗೆ ಮನೆಯದೇ ದವನ ಏರಿಸಬೇಕು ಎನ್ನುವ ಆಸೆ ಬಹಳ ಜನಕ್ಕೆ ಇರುತ್ತದೆ. ಆ ಹುಣ್ಣಿಮೆ ಮಾರ್ಚ್ ಕೊನೆಗೋ ಏಪ್ರಿಲ್‌ಗೋ ಬರುತ್ತದೆ. ಅದಕ್ಕಾಗಿ ಇಡೀ ಬೆಳೆಯನ್ನು ತಡ ಮಾಡಬೇಡಿ. ಮುಕ್ಕಾಲು ಪಾಲು ಬೀಜ ನವೆಂಬರ್‌ನಲ್ಲಿ ಹಾಕಿ, ಕಾಲು ಪಾಲನ್ನು ಡಿಸೆಂಬರ್ ಮೊದಲ ವಾರದಲ್ಲಿ ಇನ್ನೊಂದು ಟ್ರೇನಲ್ಲಿ ಹಾಕಿ. ಎರಡನೆಯದು ಮೊದಲಿನಷ್ಟು ಹುಲುಸಾಗಿ ಬರುವುದಿಲ್ಲ. ಆದರೆ ಹಬ್ಬಕ್ಕೆ ಹಸಿ ದವನ ಇರುತ್ತದೆ.

ಸೆಪ್ಟೆಂಬರ್‌ನಲ್ಲೇ ಬಿತ್ತುವ ಆತುರ ಬೇಡ. ಮಳೆಯ ತೇವಕ್ಕೆ ಸಸಿ ಕೊಳೆಯುತ್ತದೆ. ಜನವರಿಯಲ್ಲಿ ಬಿತ್ತಿದರೆ ಗಿಡ ಗೇಣುದ್ದ ಆಗುವ ಮೊದಲೇ ಬಿಸಿಲಿನ ಬೇಗೆ ಶುರುವಾಗಿ, ಕಡ್ಡಿಯಂತಹ ಗಿಡದಲ್ಲಿ ನಾಲ್ಕು ಹೂ ಬಿಟ್ಟು ಮುಗಿದುಹೋಗುತ್ತದೆ. ಕರಾವಳಿಯವರಿಗೆ ಇದು ಸ್ವಲ್ಪ ಕಷ್ಟದ ಗಿಡ. ಅಲ್ಲಿ ಚಳಿ ಕಡಿಮೆ, ಗಾಳಿಯಲ್ಲಿ ತೇವ ಜಾಸ್ತಿ. ಪ್ರಯತ್ನ ಮಾಡುವುದಾದರೆ ನವೆಂಬರ್ ಕೊನೆಯವರೆಗೆ ಕಾದು, ಮಳೆ ಪೂರ್ತಿ ಹಿಂದೆ ಸರಿದ ಮೇಲೆ ಹಾಕಿ.

ಹಂತ 2: ಬೀಜ ಆರಿಸಿ, ಪರೀಕ್ಷೆ ಮಾಡುವುದು

"ಒಂದೂ ಹುಟ್ಟಲಿಲ್ಲ" ಎನ್ನುವವರಲ್ಲಿ ಹೆಚ್ಚಿನವರದು ಹಳೆಯ ಬೀಜದ ಸಮಸ್ಯೆ. ದವನದ ಬೀಜಕ್ಕೆ ಬಾಳಿಕೆ ಬಹಳ ಕಡಿಮೆ. ಹೋದ ಬೇಸಿಗೆಯಲ್ಲಿ ಕಟ್ಟಿದ ಬೀಜವನ್ನು ಈ ನವೆಂಬರ್‌ನಲ್ಲಿ ಬಳಸಬೇಕು. ಅದರ ಹಿಂದಿನ ವರ್ಷದ್ದಾದರೆ ಮೊಳಕೆ ಬರುವ ಭರವಸೆ ಇಲ್ಲ. ನಾನು ಮೊದಲ ಎರಡು ವರ್ಷ ಒಂದು ಅಂಗಡಿಯ ಬಣ್ಣದ ಪೊಟ್ಟಣ ನಂಬಿ ಇಡೀ ಚಳಿಗಾಲ ಕಳೆದುಕೊಂಡೆ. ಪೊಟ್ಟಣದ ಮೇಲೆ ಪ್ಯಾಕ್ ಮಾಡಿದ ದಿನ ಇತ್ತು, ಬೀಜ ಕಟ್ಟಿದ ವರ್ಷ ಇರಲಿಲ್ಲ. ಎರಡೂ ಒಂದೇ ಅಲ್ಲ. ಆದ್ದರಿಂದ ಕೊಳ್ಳುವಾಗ "ಯಾವ ವರ್ಷದ ಬೆಳೆಯದು?" ಎಂದು ಕೇಳಿ. ಹೇಳಲಾಗದವರ ಹತ್ತಿರ ಕೊಳ್ಳಬೇಡಿ. ದವನ ಬೆಳೆಯುವ ರೈತರು ಯಾರಾದರೂ ಗೊತ್ತಿದ್ದರೆ ಅವರ ಹತ್ತಿರ ಒಂದು ಚಮಚ ಕೇಳಿ ತರುವುದು ಎಲ್ಲಕ್ಕಿಂತ ಒಳ್ಳೆಯದು. ಒಂದು ಚಮಚ ಬೀಜವೇ ಮನೆಗೆ ಬೇಕಾದ್ದಕ್ಕಿಂತ ಹೆಚ್ಚು.

ಬಿತ್ತುವ ಒಂದು ವಾರ ಮೊದಲು ಪರೀಕ್ಷೆ ಮಾಡಿ. ಒದ್ದೆ ಟಿಶ್ಯೂ ಕಾಗದದ ಮೇಲೆ ಒಂದು ಚಿಟಿಕೆ ಬೀಜ ಹರಡಿ, ಮುಚ್ಚಳವಿರುವ ಡಬ್ಬಿಯಲ್ಲಿಟ್ಟು ನೆರಳಿನಲ್ಲಿಡಿ. ನಾಲ್ಕೈದು ದಿನದಲ್ಲಿ ಬಿಳಿ ಮೊಳಕೆ ಕಾಣಬೇಕು. ಅರ್ಧದಷ್ಟಾದರೂ ಮೊಳೆತರೆ ಧೈರ್ಯವಾಗಿ ಬಿತ್ತಿ. ಅಲ್ಲೊಂದು ಇಲ್ಲೊಂದು ಮೊಳೆತರೆ ಬೀಜ ದಟ್ಟವಾಗಿ ಹಾಕಬೇಕು. ಏನೂ ಬಾರದಿದ್ದರೆ ಬೇರೆ ಬೀಜ ಹುಡುಕಲು ನಿಮಗೆ ಇನ್ನೂ ಸಮಯ ಇದೆ. ಈ ಪರೀಕ್ಷೆಯ ಲಾಭವೇ ಅದು.

ಪೇಟೆಯಲ್ಲಿ ಹೂವಿನ ಜೊತೆ ಸಿಗುವ ದವನದ ಕಡ್ಡಿಯನ್ನು ನೆಟ್ಟರೆ ಆಗುವುದಿಲ್ಲವೇ ಎಂದು ಬಹಳ ಜನ ಕೇಳುತ್ತಾರೆ. ಮರುಗದ ಕಡ್ಡಿ ನೆಟ್ಟರೆ ಬೇರು ಬಿಡುತ್ತದೆ, ಅದನ್ನು ನೋಡಿ ಈ ಆಲೋಚನೆ ಬರುವುದು ಸಹಜ. ಆದರೆ ಪೇಟೆಯ ದವನ ಹೂ ಬಿಟ್ಟ ಗಿಡ. ಅದರ ಆಯುಸ್ಸು ಅಲ್ಲಿಗೆ ಮುಗಿಯುತ್ತಾ ಬಂದಿದೆ. ದವನವನ್ನು ಬೀಜದಿಂದಲೇ ಬೆಳೆಸಬೇಕು.

ಹಂತ 3: ಒಟ್ಲು ಸಿದ್ಧ ಮಾಡುವುದು

ನೇರವಾಗಿ ದೊಡ್ಡ ಕುಂಡಕ್ಕೆ ಬಿತ್ತಬೇಡಿ. ಮೊದಲು ಒಟ್ಲು (ಸಸಿ ಬೆಳೆಸುವ ಮಡಿ) ಹಾಕಿ, ಆಮೇಲೆ ನಾಟಿ ಮಾಡಬೇಕು. ಸಣ್ಣ ಟ್ರೇನಲ್ಲಿ ತೇವವನ್ನು ಹಿಡಿತದಲ್ಲಿಡುವುದು ಸುಲಭ, ಮಳೆ ಬಂದರೆ ಎತ್ತಿ ಒಳಗಿಡಬಹುದು. ಬೆಂಗಳೂರಿನ ಕಡೆ ನವೆಂಬರ್‌ನಲ್ಲಿ ಬಂಗಾಳಕೊಲ್ಲಿಯ ವಾಯುಭಾರ ಕುಸಿತಕ್ಕೆ ಮೂರು ನಾಲ್ಕು ದಿನ ಜಿಟಿಜಿಟಿ ಹಿಡಿಯುವುದು ಎಲ್ಲರಿಗೂ ಗೊತ್ತಿರುವುದೇ ಅಲ್ವಾ? ಅಂತಹ ವಾರದಲ್ಲಿ ಬಯಲಿನಲ್ಲಿದ್ದ ಒಟ್ಲು ಉಳಿಯುವುದು ಕಷ್ಟ.

ಎರಡು ಪಾಲು ಕೆಮ್ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಎರೆಗೊಬ್ಬರ ಬೆರೆಸಿ. ಮೂರನ್ನೂ ಜರಡಿ ಹಿಡಿಯಲೇಬೇಕು. ಕಡಲೆ ಕಾಳಿನಷ್ಟು ದೊಡ್ಡ ಹೆಂಟೆ ಇದ್ದರೂ ಅದರ ಸಂದಿಗೆ ಬಿದ್ದ ಬೀಜ ಮೇಲೆ ಬರುವುದಿಲ್ಲ. ಉತ್ತರ ಕರ್ನಾಟಕದ ಎರೆಮಣ್ಣೇ ಸಿಗುವ ಕಡೆ ಆ ಮಣ್ಣನ್ನು ಟ್ರೇಗೆ ಬಳಸಬೇಡಿ. ಅದು ನೀರು ಹಿಡಿದಿಟ್ಟುಕೊಳ್ಳುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ. ಎರಡು ಟ್ರೇಗೆ ಆಗುವಷ್ಟು ಕೆಮ್ಮಣ್ಣು ನರ್ಸರಿಯಿಂದ ತಂದುಕೊಳ್ಳಿ. ಹಸಿ ಸಗಣಿ, ಅರ್ಧ ಕಳಿತ ಅಡುಗೆಮನೆ ಗೊಬ್ಬರ ಎರಡೂ ಬೇಡ. ಅವೇ ಸಸಿ ಕೊಳೆಯಲು ಮೊದಲ ಕಾರಣ.

ಒಂದು ಟ್ರೇ ಮಣ್ಣಿಗೆ ಎರಡು ಚಮಚ ಟ್ರೈಕೋಡರ್ಮಾ ಬೆರೆಸಿ, ಸ್ವಲ್ಪ ತೇವ ಮಾಡಿ, ಒಂದು ವಾರ ನೆರಳಿನಲ್ಲಿ ಮುಚ್ಚಿಡಿ. ಆಮೇಲೆ ಟ್ರೇ ತುಂಬಿ, ಒಂದು ಸಣ್ಣ ಹಲಗೆಯಿಂದ ಮೇಲ್ಮೈ ಸಮ ಮಾಡಿ, ಲಘುವಾಗಿ ಒತ್ತಿ. ಒಂದು ಲೋಟ ನೀರು ಸುರಿದು ನೋಡಿ. ಒಂದು ನಿಮಿಷದೊಳಗೆ ಮೇಲಿನ ನೀರು ಇಳಿಯದಿದ್ದರೆ ಇನ್ನೂ ಮರಳು ಬೇಕು ಎಂದರ್ಥ.

ಹಂತ 4: ಬೀಜ ಕಟ್ಟಿ ಬಿತ್ತುವುದು

ಇಡೀ ಕೆಲಸದಲ್ಲಿ ಹೆಚ್ಚು ನಿಧಾನ ಬೇಕಾದ್ದು ಇಲ್ಲಿ. ಹುರುಳಿ, ಹೆಸರುಕಾಳು ಮೊಳಕೆ ಕಟ್ಟುವ ಹಾಗೆಯೇ ದವನದ ಬೀಜವನ್ನೂ ಕಟ್ಟಬೇಕು.

ಒಂದು ಚಿಟಿಕೆ ಬೀಜವನ್ನು ತೆಳು ಬಟ್ಟೆಯಲ್ಲಿ ಸಡಿಲವಾಗಿ ಗಂಟು ಕಟ್ಟಿ. ರಾತ್ರಿ ನೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ತೆಗೆದು, ನೀರು ಬಸಿದು, ಗಂಟನ್ನು ನೆರಳಿನಲ್ಲಿ ತೂಗುಹಾಕಿ. ಬಟ್ಟೆ ಒಣಗುತ್ತಿದೆ ಅನ್ನಿಸಿದಾಗಲೆಲ್ಲ ನೀರು ಚಿಮುಕಿಸಿ. ನೆನೆಹಾಕಿದಲ್ಲಿಂದ ಸುಮಾರು 48 ಗಂಟೆಗೆ ಗಂಟು ಬಿಚ್ಚಿ ನೋಡಿ. ಬೀಜದ ತುದಿಯಲ್ಲಿ ಬಿಳಿ ಚುಕ್ಕೆ ಕಾಣಿಸಿದರೆ ಅದೇ ಹದ. ಆಗಲೇ ಬಿತ್ತಬೇಕು. ಇನ್ನೊಂದು ದಿನ ಬಿಟ್ಟರೆ ಮೊಳಕೆ ಉದ್ದವಾಗಿ ಬಟ್ಟೆಗೆ ಅಂಟಿಕೊಂಡು, ಬಿಡಿಸುವಾಗ ಮುರಿಯುತ್ತದೆ. ಆದ್ದರಿಂದ ಶುಕ್ರವಾರ ರಾತ್ರಿ ನೆನೆಹಾಕಿ. ಭಾನುವಾರ ಸಂಜೆ ಬಿತ್ತಲು ಸರಿಹೋಗುತ್ತದೆ.

ಈಗ ಒಂದು ಹಿಡಿ ಸಣ್ಣ ಮರಳನ್ನು ಸ್ವಲ್ಪವೇ ತೇವ ಮಾಡಿ, ಅದಕ್ಕೆ ಬೀಜ ಉದುರಿಸಿ, ಬೆರಳ ತುದಿಯಿಂದ ಮೆಲ್ಲಗೆ ಬೆರೆಸಿ. ಉಜ್ಜಬೇಡಿ. ಟ್ರೇ ಮಣ್ಣಿಗೆ ಮೊದಲೇ ನೀರುಣಿಸಿರಬೇಕು. ಈ ಮರಳನ್ನು ರಂಗೋಲಿ ಪುಡಿ ಬಿಡುವ ಹಾಗೆ ಎರಡು ಬೆರಳಿನ ನಡುವಿಂದ ಮಣ್ಣಿನ ಮೇಲೆ ಉದುರಿಸಿ. ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ.

ಮೇಲೆ ಮಣ್ಣು ಮುಚ್ಚಬೇಡಿ. ಬೀಜ ಕಾಣುವುದಿಲ್ಲವಲ್ಲ ಎಂದು ಅರ್ಧ ಇಂಚು ಮಣ್ಣು ಎಳೆದುಬಿಡುವುದು ಎಲ್ಲರೂ ಮಾಡುವ ತಪ್ಪು. ದವನದ ಮೊಳಕೆಗೆ ಅಷ್ಟು ಮಣ್ಣನ್ನು ಸೀಳಿಕೊಂಡು ಬರುವ ಶಕ್ತಿ ಇಲ್ಲ. ಒಣ ಮರಳನ್ನು ಉಪ್ಪು ಉದುರಿಸಿದಷ್ಟು ತೆಳ್ಳಗೆ ಹಾಕಿದರೆ ಮುಗಿಯಿತು. ಸ್ಪ್ರೇ ಬಾಟಲಿಯಿಂದ ಒಂದು ಸುತ್ತು ನೀರು ಹೊಡೆದು, ಟ್ರೇ ಮೇಲೆ ತೆಳು ಬಟ್ಟೆ ಹೊದಿಸಿ.

ಇರುವೆಗಳ ಬಗ್ಗೆ ಎಚ್ಚರ. ಇಷ್ಟು ಸಣ್ಣ ಬೀಜವನ್ನು ಅವು ಒಂದೇ ರಾತ್ರಿಯಲ್ಲಿ ಹೊತ್ತುಕೊಂಡು ಹೋಗುತ್ತವೆ, ನೀವು ಬೀಜವೇ ಕೆಟ್ಟದ್ದು ಎಂದುಕೊಳ್ಳುತ್ತೀರಿ. ಅಗಲದ ತಟ್ಟೆಯಲ್ಲಿ ನೀರು ತುಂಬಿ, ಅದರೊಳಗೆ ಎರಡು ಇಟ್ಟಿಗೆ ಇಟ್ಟು, ಇಟ್ಟಿಗೆಯ ಮೇಲೆ ಟ್ರೇ ಇಡಿ. ಸುತ್ತ ನೀರಿದ್ದರೆ ಇರುವೆ ಹತ್ತುವುದಿಲ್ಲ. ಟ್ರೇ ಗೋಡೆಗೆ ತಾಗದಂತೆ ನೋಡಿಕೊಳ್ಳಿ. ಎರಡು ದಿನಕ್ಕೊಮ್ಮೆ ತಟ್ಟೆಯ ನೀರು ಬದಲಿಸಿ, ಇಲ್ಲದಿದ್ದರೆ ಸೊಳ್ಳೆ ಮರಿ ಮಾಡುತ್ತದೆ.

ಹಂತ 5: ಮೊದಲ ಮೂರು ವಾರ

ಮೊಳಕೆ ಬಂದ ಬೀಜವಾದ್ದರಿಂದ ನಾಲ್ಕೈದು ದಿನದಲ್ಲಿ ಮಣ್ಣಿನ ಮೇಲೆ ಹಸಿರು ಹುಡಿ ಚೆಲ್ಲಿದ ಹಾಗೆ ಕಾಣುತ್ತದೆ. ಅಂದೇ ಬಟ್ಟೆ ತೆಗೆಯಿರಿ. ಒಂದೆರಡು ದಿನ ತಡ ಮಾಡಿದರೂ ಸಸಿ ಬೆಳಕು ಹುಡುಕಿ ನೂಲಿನ ಹಾಗೆ ಉದ್ದವಾಗುತ್ತದೆ. ಹಾಗೆ ಎಳೆದ ಸಸಿ ಮತ್ತೆ ಗಟ್ಟಿಯಾಗುವುದಿಲ್ಲ. ಮೊದಲ ವಾರ ಬೆಳಗಿನ ಎಳೆಬಿಸಿಲು ಮಾತ್ರ ಬೀಳುವ ಜಾಗ ಸಾಕು. ಎರಡನೇ ವಾರದಿಂದ ಬಿಸಿಲು ಸ್ವಲ್ಪ ಸ್ವಲ್ಪವೇ ಹೆಚ್ಚಿಸಿ.

ನೀರನ್ನು ಇಲ್ಲಿಂದ ಮುಂದೆ ಕೆಳಗಿನಿಂದ ಕೊಡಿ. ಟಬ್‌ನಲ್ಲಿ ಒಂದು ಇಂಚು ನೀರು ಹಾಕಿ ಟ್ರೇಯನ್ನು ಅದರಲ್ಲಿ ಇಡಿ. ಮೇಲಿನ ಮಣ್ಣಿನ ಬಣ್ಣ ಗಾಢವಾದ ಕೂಡಲೇ ಎತ್ತಿಬಿಡಿ. ಹತ್ತು ಹದಿನೈದು ನಿಮಿಷ ಹಿಡಿಯಬಹುದು. ಹೀಗೆ ಮಾಡಿದರೆ ಸಸಿ ಅಲುಗಾಡುವುದಿಲ್ಲ, ಎಲೆ ಒದ್ದೆಯಾಗುವುದಿಲ್ಲ. ಮತ್ತೆ ನೀರು ಯಾವಾಗ? ದಿನ ಲೆಕ್ಕ ಹಾಕಬೇಡಿ. ಬೆರಳು ಮುಟ್ಟಿಸಿದರೆ ಮೇಲಿನ ಮಣ್ಣು ಅಂಟಿಕೊಳ್ಳದೆ ಉದುರುವ ಹಾಗಿದ್ದರೆ ಆಗ. ಸಂಜೆ ನೀರು ಕೊಡುವುದು ಬೇಡವೇ ಬೇಡ, ರಾತ್ರಿಯಿಡೀ ಬುಡ ಒದ್ದೆ ಇರುತ್ತದೆ.

ಸಸಿ ಕೊಳೆಯುವ ಲಕ್ಷಣ

ಬೆಳಿಗ್ಗೆ ನೆಟ್ಟಗಿದ್ದ ಸಸಿ ಸಂಜೆಗೆ ಮಲಗಿರುತ್ತದೆ. ಎಲೆ ಇನ್ನೂ ಹಸಿರೇ. ಹತ್ತಿರದಿಂದ ನೋಡಿದರೆ ಮಣ್ಣಿಗೆ ತಾಗಿದ ಕಡೆ ಕಾಂಡ ನೀರು ತುಂಬಿದ ಹಾಗೆ ಕಂದಾಗಿ, ದಾರದಂತೆ ಸಣ್ಣಗಾಗಿರುತ್ತದೆ. ಅದು ಒಂದು ಕಡೆ ಶುರುವಾಗಿ ದುಂಡಗೆ ಹರಡುತ್ತದೆ.

ಇದನ್ನು ನೀರಿನ ಕೊರತೆ ಎಂದುಕೊಂಡು ಇನ್ನಷ್ಟು ನೀರು ಹಾಕುವವರೇ ಜಾಸ್ತಿ. ಮರುದಿನ ಇಡೀ ಟ್ರೇ ಹೋಗುತ್ತದೆ. ಎರಡನ್ನೂ ಬೇರೆ ಮಾಡುವುದು ಸುಲಭ. ಬಾಯಾರಿದ ಸಸಿಯ ಎಲೆ ಮೊದಲು ಬಾಡುತ್ತದೆ, ಕಾಂಡ ನಿಂತೇ ಇರುತ್ತದೆ. ಕೊಳೆತ ಸಸಿ ಬುಡದಲ್ಲೇ ಮುರಿದು ಬೀಳುತ್ತದೆ.

ಕಂಡ ಕೂಡಲೇ ಮಲಗಿದ ಸಸಿಗಳನ್ನು ಸುತ್ತಲಿನ ಎರಡು ಬೆರಳಗಲ ಮಣ್ಣಿನ ಸಮೇತ ಚಮಚದಿಂದ ತೆಗೆದು ದೂರ ಎಸೆಯಿರಿ. ಆ ಗುಂಡಿಗೆ ಒಣ ಮರಳು ತುಂಬಿ. ಎರಡು ದಿನ ನೀರು ನಿಲ್ಲಿಸಿ, ಟ್ರೇಯನ್ನು ಗಾಳಿಯಾಡುವ ಜಾಗಕ್ಕೆ ಸರಿಸಿ. ಆದರೂ ಹರಡುತ್ತಿದ್ದರೆ ಲೀಟರ್ ನೀರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ಶಿಲೀಂಧ್ರನಾಶಕ) ಕದಡಿ, ಬುಡಕ್ಕೆ ಒಂದು ಸಲ ಹನಿಸಿ. ಇದನ್ನು ಒಟ್ಲಿನ ಹಂತದಲ್ಲಿ ಮಾತ್ರ ಬಳಸಿ. ಕೈಗೆ ಗ್ಲೌಸ್ ಇರಲಿ, ಮಕ್ಕಳ ಕೈಗೆ ಡಬ್ಬಿ ಸಿಗದಂತೆ ಇಡಿ.

ಎರಡನೇ ವಾರದ ಕೊನೆಗೆ ದಟ್ಟವಾದ ಕಡೆ ಸಸಿ ತೆಳುಮಾಡಬೇಕು. ಒಂದೊಂದಕ್ಕೂ ಒಂದು ಬೆರಳಗಲ ಜಾಗ ಇರಲಿ. ಕೀಳಲು ಹೋದರೆ ಪಕ್ಕದ ಬೇರೂ ಅಲುಗುತ್ತದೆ, ಸಣ್ಣ ಕತ್ತರಿಯಿಂದ ಬುಡದಲ್ಲಿ ಕತ್ತರಿಸಿ. ಹುಟ್ಟಿದ್ದನ್ನು ಕೊಲ್ಲುವುದು ಹೇಗೆ ಎಂದು ಮನಸ್ಸು ಹಿಂಜರಿಯುತ್ತದೆ, ನನಗೂ ಹಾಗೇ ಆಗುತ್ತದೆ. ಆದರೆ ಒತ್ತೊತ್ತಾಗಿ ಬಿಟ್ಟರೆ ಗಾಳಿಯಾಡದೆ ಕೊಳೆ ರೋಗಕ್ಕೆ ಎಲ್ಲವೂ ಸಿಗುತ್ತವೆ.

ಈ ಹೊತ್ತಿಗೆ ಕಳೆಯೂ ಹುಟ್ಟಿರುತ್ತದೆ. ದವನದ ಎಲೆ ಸೀಳುಸೀಳಾಗಿ, ಬೂದಿ ಬೆರೆತ ಹಸಿರಾಗಿರುತ್ತದೆ, ಮೇಲೆ ಮೃದುವಾದ ನವಿರು ಇರುತ್ತದೆ. ಪಾರ್ಥೇನಿಯಂ ಎಲೆಯೂ ಸೀಳಿರುತ್ತದೆ, ಅಂಗಳದ ಮಣ್ಣು ಬಳಸಿದ್ದರೆ ಅದು ಬಂದೇ ಬರುತ್ತದೆ. ಅನುಮಾನ ಬಂದರೆ ಒಂದು ಎಲೆಯ ತುದಿ ಉಜ್ಜಿ ಮೂಸಿ ನೋಡಿ. ದವನ ಎಳೆಯದರಲ್ಲೇ ತನ್ನ ಗುರುತು ಹೇಳುತ್ತದೆ. ಪಾರ್ಥೇನಿಯಂ ಕೆಲವರ ಚರ್ಮಕ್ಕೆ ಆಗುವುದಿಲ್ಲ, ಕೀಳುವಾಗ ಕೈಗೆ ಕವರ್ ಹಾಕಿಕೊಳ್ಳಿ.

ಹಂತ 6: ನಾಟಿ

ಬಿತ್ತಿದ ಐದಾರು ವಾರಕ್ಕೆ ಸಸಿ ನಾಲ್ಕು ಇಂಚು ಎತ್ತರವಾಗುತ್ತದೆ. ಆಗ ನಾಟಿ. ಎರಡು ಇಂಚಿನ ಸಸಿಯನ್ನು ಕಿತ್ತರೆ ಹಿಡಿಯುವುದಿಲ್ಲ, ಗೇಣುದ್ದ ಆಗುವವರೆಗೆ ಬಿಟ್ಟರೆ ಬೇರುಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ.

ಕುಂಡಕ್ಕೂ ಅದೇ ಮಣ್ಣಿನ ಮಿಶ್ರಣ, ಆದರೆ ಜರಡಿ ಬೇಕಿಲ್ಲ. ಒಂದು ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ ಸೇರಿಸಿ. ಹೊಲದಲ್ಲಿ ರೈತರು ಸಾಲಿಗೆ 15 ಸೆಂಟಿಮೀಟರ್, ಗಿಡಕ್ಕೆ 7.5 ಸೆಂಟಿಮೀಟರ್ ಅಂತರದಲ್ಲಿ ಒತ್ತಾಗಿ ನೆಡುತ್ತಾರೆ. ಕುಂಡದಲ್ಲಿ ಸ್ವಲ್ಪ ಸಡಿಲ ಇರಲಿ: 12 ಇಂಚಿನ ಕುಂಡಕ್ಕೆ ಐದು ಸಸಿ. ಒಂದೇ ಗಿಡವನ್ನು ಒಂಟಿಯಾಗಿ ನೆಡಬೇಡಿ, ಗಾಳಿಗೆ ವಾಲಿಕೊಳ್ಳುತ್ತದೆ. ನಾಲ್ಕೈದು ಒಟ್ಟಿಗಿದ್ದರೆ ಒಂದಕ್ಕೊಂದು ಆಸರೆ. ಅಂಗಳದ ನೆಲದಲ್ಲಿ ನೆಡುವವರು ಮಡಿಯನ್ನು ನೆಲದಿಂದ ನಾಲ್ಕು ಬೆರಳು ಎತ್ತರ ಮಾಡಿಕೊಳ್ಳಿ.

ಕ್ರಮ ಹೀಗೆ:

1. ನಾಟಿಗೆ ಎರಡು ಗಂಟೆ ಮೊದಲು ಟ್ರೇಗೆ ನೀರು ಕೊಡಿ.
2. ಸಂಜೆ ನಾಲ್ಕೂವರೆ ನಂತರ ಶುರು ಮಾಡಿ.
3. ಚಮಚದಿಂದ ಮಣ್ಣಿನ ಸಮೇತ ಸಸಿ ಎತ್ತಿ. ಹಿಡಿಯುವಾಗ ಎಲೆ ಹಿಡಿಯಿರಿ, ಕಾಂಡ ಹಿಡಿಯಬೇಡಿ. ಎಲೆ ಹರಿದರೆ ಇನ್ನೊಂದು ಬರುತ್ತದೆ, ಕಾಂಡ ನಜ್ಜಾದರೆ ಸಸಿ ಹೋಯಿತು.
4. ಟ್ರೇನಲ್ಲಿ ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳಕ್ಕೆ ನೆಡಿ. ಗಟ್ಟಿಯಾಗಲಿ ಎಂದು ಬುಡ ಹೂಳಬೇಡಿ.
5. ಸುತ್ತ ಮಣ್ಣು ಮೆಲ್ಲಗೆ ಒತ್ತಿ, ಬುಡದ ಸುತ್ತ ಅರ್ಧ ಲೋಟ ನೀರು ಹಾಕಿ. ಈ ಒಂದು ದಿನ ಸಂಜೆ ನೀರು ಕೊಟ್ಟರೂ ಪರವಾಗಿಲ್ಲ.
6. ಮೂರು ದಿನ ಕುಂಡಗಳನ್ನು ಗೋಡೆಯ ನೆರಳಿಗೆ ಇಟ್ಟು, ನಾಲ್ಕನೇ ದಿನ ಬಿಸಿಲಿಗೆ ತನ್ನಿ.

ಮೊದಲ ಎರಡು ದಿನ ಎಲೆ ಜೋತುಬೀಳುವುದು ಸಹಜ, ಬೆಳಿಗ್ಗೆ ಇಬ್ಬನಿ ಬಿದ್ದಾಗ ಎದ್ದು ನಿಲ್ಲುತ್ತದೆ. ಬೆಳಿಗ್ಗೆಯೂ ಏಳದಿದ್ದರೆ ಮಾತ್ರ ಚಿಂತೆ ಮಾಡಿ. ಟ್ರೇನಲ್ಲಿ ಹತ್ತು ಹದಿನೈದು ಸಸಿ ಹಾಗೇ ಉಳಿಸಿಕೊಳ್ಳಿ, ಸತ್ತ ಜಾಗಕ್ಕೆ ಒಂದು ವಾರದ ನಂತರ ನೆಡಲು ಬೇಕಾಗುತ್ತದೆ.

ಹಂತ 7: ಬೆಳೆಯುವ ಕಾಲದ ಆರೈಕೆ

ಇಲ್ಲಿಂದ ಕೆಲಸ ಕಡಿಮೆ, ಸುಮ್ನೆ ಕೈ ಹಾಕದಿರುವುದೇ ಹೆಚ್ಚು. ದಿನಕ್ಕೆ ಆರು ಗಂಟೆ ನೇರ ಬಿಸಿಲು ಬೀಳಬೇಕು. ಬಾಲ್ಕನಿಯ ಅರೆಬೆಳಕಿನಲ್ಲಿ ಗಿಡ ಎತ್ತರವಾಗುತ್ತದೆಯೇ ಹೊರತು ಕವಲು ಒಡೆಯುವುದಿಲ್ಲ. ಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗೆ ಇಳಿಸಿ ನೋಡಿ, ಒಣಗಿದ್ದರೆ ಬೆಳಿಗ್ಗೆ ನೀರು. ಕುಂಡದ ಕೆಳಗೆ ತಟ್ಟೆ ಇಟ್ಟಿದ್ದರೆ ತೆಗೆದುಬಿಡಿ. ಕೆಳಗಿನ ಎಲೆಗಳು ಹಳದಿಯಾಗುತ್ತಾ ಬಂದು, ಮಣ್ಣೂ ಹಸಿಯಾಗೇ ಇದ್ದರೆ ಬೇರು ಕೊಳೆಯುತ್ತಿದೆ ಎಂದು ತಿಳಿಯಿರಿ. ಮಣ್ಣು ಒಣಗುವವರೆಗೆ ನೀರು ಬಂದ್.

ಈಗ ಪರಿಮಳದ ವಿಷಯ. "ಗಿಡ ಚೆನ್ನಾಗಿದೆ, ವಾಸನೆ ಇಲ್ಲ" ಎಂದವರನ್ನು ಕೇಳಿದರೆ, ವಾರಕ್ಕೊಮ್ಮೆ ಯೂರಿಯಾ ನೀರೋ ಸಗಣಿ ನೀರೋ ಹಾಕಿರುತ್ತಾರೆ, ಇಲ್ಲವೇ ಗಿಡ ನೆರಳಿನಲ್ಲಿರುತ್ತದೆ. ದವನದ ಪರಿಮಳ ಅದರ ಎಲೆ ಮತ್ತು ಹೂವಿನ ಎಣ್ಣೆಯದು. ಆ ಎಣ್ಣೆಯ ಮುಖ್ಯ ಅಂಶದ ಹೆಸರೇ ದವನೋನ್. ಗೊಬ್ಬರ ಮಿತಿಮೀರಿದರೆ ಗಿಡ ಸೊಪ್ಪು ಸೊಪ್ಪಾಗಿ, ಮೆದುವಾಗಿ, ನೀರು ತುಂಬಿಕೊಂಡು ಬೆಳೆಯುತ್ತದೆ. ಮೂಗಿಗೆ ಸಿಗುವುದು ಹಸಿ ಸೊಪ್ಪಿನ ವಾಸನೆ.

ಮನೆಗೆ ಇಷ್ಟು ಸಾಕು: 100 ಗ್ರಾಂ ಕಡಲೆಕಾಯಿ ಹಿಂಡಿಯನ್ನು ಒಂದು ಲೀಟರ್ ನೀರಿನಲ್ಲಿ ಎರಡು ದಿನ ನೆನೆಸಿ, ಅದಕ್ಕೆ ಹತ್ತು ಪಟ್ಟು ನೀರು ಬೆರೆಸಿ, ಒಂದು ಕುಂಡಕ್ಕೆ ಒಂದು ಲೋಟ. ನಾಟಿಯಾದ 15 ದಿನಕ್ಕೆ ಒಮ್ಮೆ, ಮತ್ತೆ 15 ದಿನ ಬಿಟ್ಟು ಇನ್ನೊಮ್ಮೆ. ಮೊಗ್ಗು ಕಂಡ ಮೇಲೆ ಏನೂ ಬೇಡ.

ಹೇನು ಬಂದರೆ

ಜನವರಿಯಲ್ಲಿ ಮೋಡ ಕವಿದ ದಿನಗಳು ಬಂದರೆ ಚಿಗುರಿನಲ್ಲಿ ಹೇನು ಕಾಣುತ್ತದೆ. ಎಲೆ ಮುದುಡುವುದು, ಕಾಂಡದ ಮೇಲೆ ಅಂಟು, ಅದಕ್ಕೆ ಇರುವೆ ಮುತ್ತುವುದು ಇದರ ಗುರುತು. ಮೊದಲ ಮದ್ದು ನೀರೇ. ಬೆಳಿಗ್ಗೆ ಸ್ಪ್ರೇಯಿಂದ ಜೋರಾಗಿ ಹೊಡೆದು ಉದುರಿಸಿ, ಮೂರು ದಿನ ಬಿಡದೆ ಮಾಡಿ. ಹೋಗದಿದ್ದರೆ ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಕೆಲವು ಹನಿ ಸೋಪಿನ ದ್ರವ ಸೇರಿಸಿ ಸಂಜೆ ಸಿಂಪಡಿಸಿ. ಹೂ ಬಿಡುವ ಮೂರು ವಾರ ಮೊದಲೇ ಬೇವಿನೆಣ್ಣೆ ನಿಲ್ಲಿಸಬೇಕು. ಇಲ್ಲದಿದ್ದರೆ ದೇವರಿಗೆ ಏರಿಸುವ ದವನದಲ್ಲಿ ಬೇವಿನ ವಾಸನೆ ಬರುತ್ತದೆ. ರಾಸಾಯನಿಕ ಕೀಟನಾಶಕ ಖಂಡಿತ ಬೇಡ, ಮುಡಿಗೆ ಮುಡಿಯುವ, ಮೂಸುವ ಗಿಡ ಇದು.

ಹಂತ 8: ಕೊಯ್ಲು

ಫೆಬ್ರವರಿ ಮಧ್ಯದಲ್ಲಿ ಕವಲುಗಳ ತುದಿಯಲ್ಲಿ ಸಾಸಿವೆಗಿಂತ ಸ್ವಲ್ಪ ದೊಡ್ಡ ಗುಂಡು ಮೊಗ್ಗುಗಳು ಜೋತಾಡುತ್ತವೆ. ಅವು ಅರಳಿ ಹಳದಿ ಕಾಣಿಸಿದಾಗ ಪರಿಮಳ ತುಂಬಿರುತ್ತದೆ. ಮುಕ್ಕಾಲು ಪಾಲು ಹೂ ಅರಳಿದಾಗ ಕೊಯ್ಯಬೇಕು. ಮೊಗ್ಗಿರುವಾಗಲೇ ಕೊಯ್ದರೆ ಪರಿಮಳ ಅರೆಬರೆ, ಹೂ ಕಂದಾದ ಮೇಲೆ ಕೊಯ್ದರೆ ಪರಿಮಳ ಹಾರಿಹೋಗಿರುತ್ತದೆ. ಈ ನಡುವೆ ನಿಮಗೆ ಸಿಗುವುದು ಒಂದು ವಾರ, ಹತ್ತು ದಿನ.

ಕೊಯ್ಲಿಗೆ ಮೂರು ದಿನ ಮೊದಲು ನೀರು ನಿಲ್ಲಿಸಿ. ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಕತ್ತರಿಸಿ. ಒದ್ದೆ ಇರುವಾಗ ಕತ್ತರಿಸಿದ ದವನ ಕಟ್ಟಿಟ್ಟರೆ ಕಪ್ಪಾಗುತ್ತದೆ. ಗಿಡ ಕೀಳಬೇಡಿ. ಬುಡದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಯಿಂದ ಕತ್ತರಿಸಿ, ಸ್ವಲ್ಪ ನೀರು, ಒಂದು ಲೋಟ ಹಿಂಡಿ ನೀರು ಕೊಟ್ಟರೆ ಕೂಳೆ (ಕೊಯ್ದ ಮೇಲೆ ಉಳಿದ ಬುಡ) ಮತ್ತೆ ಚಿಗುರುತ್ತದೆ. ಅದು ಸಣ್ಣ ಫಸಲು, ಬಿಸಿಲು ಜೋರಿರುವ ಊರಿನಲ್ಲಿ ಬಾರದೆಯೂ ಹೋಗಬಹುದು.

ಮಾಲೆಗೆ ಬಳಸುವುದನ್ನು ಒದ್ದೆ ಬಾಳೆಯೆಲೆಯಲ್ಲಿ ಸುತ್ತಿಟ್ಟರೆ ಎರಡು ದಿನ ಹಸಿಯಾಗಿರುತ್ತದೆ. ಕನಕಾಂಬರದ ನಡುವೆ ಕಟ್ಟಿ ನೋಡಿ. ಕನಕಾಂಬರಕ್ಕೆ ಬಣ್ಣವಿದೆ, ಪರಿಮಳವಿಲ್ಲ. ಪಕ್ಕದಲ್ಲಿ ಎರಡೆಳೆ ದವನ ಇದ್ದರೆ ಆ ಕೊರತೆ ತುಂಬುತ್ತದೆ. ಉಳಿದದ್ದನ್ನು ಸಣ್ಣ ಸಣ್ಣ ಕಟ್ಟು ಮಾಡಿ ನೆರಳಿನಲ್ಲಿ ತಲೆಕೆಳಗಾಗಿ ಒಂದು ವಾರ ತೂಗುಹಾಕಿ. ಬಿಸಿಲಿಗೆ ಒಣಗಿಸಿದರೆ ಎಣ್ಣೆ ಹಾರಿಹೋಗುತ್ತದೆ. ಒಣಗಿದ ದವನವನ್ನು ಬಟ್ಟೆ ಚೀಲದಲ್ಲಿ ಹಾಕಿ ರೇಷ್ಮೆ ಸೀರೆಗಳ ನಡುವೆ ಇಟ್ಟರೆ ತಿಂಗಳುಗಟ್ಟಲೆ ಬೀರು ಘಮಘಮ ಎನ್ನುತ್ತದೆ.

ಹಂತ 9: ಮುಂದಿನ ವರ್ಷದ ಬೀಜ

ಎಲ್ಲವನ್ನೂ ಕೊಯ್ದು ಮುಗಿಸಬೇಡಿ. ಚೆನ್ನಾಗಿ ಕವಲೊಡೆದ, ರೋಗವಿಲ್ಲದ ಎರಡು ಮೂರು ಗಿಡಗಳನ್ನು ಕೊಯ್ಲಿಗೆ ಮೊದಲೇ ಆರಿಸಿ, ಕೆಂಪು ದಾರ ಕಟ್ಟಿ. ಕೊಯ್ದ ಮೇಲೆ ಉಳಿದ ಸಣಕಲು ಗಿಡವನ್ನು ಬೀಜಕ್ಕೆ ಬಿಡುವುದು ತಪ್ಪು.

ಹೂ ಪೂರ್ತಿ ಕಂದಾಗಿ, ಬೆರಳಲ್ಲಿ ಹಿಸುಕಿದರೆ ಪುಡಿಯಾಗುವ ಹಾಗಾದಾಗ ಕವಲುಗಳನ್ನು ಕತ್ತರಿಸಿ ಕಾಗದದ ಚೀಲದಲ್ಲಿ ಬಾಯಿ ಕೆಳಗಾಗಿ ಹಾಕಿ. ಗಾಳಿ ಬೀಸುವ ಮಧ್ಯಾಹ್ನ ಈ ಕೆಲಸ ಬೇಡ, ಬೀಜ ಹಾರಿಹೋಗುತ್ತದೆ. ನೆರಳಿನಲ್ಲಿ ಹತ್ತು ದಿನ ಬಿಟ್ಟು, ಚೀಲ ಕೊಡವಿ, ಟೀ ಸೋಸುವ ಜರಡಿಯಲ್ಲಿ ಹೊಟ್ಟು ಬೇರೆ ಮಾಡಿ. ಹೊಟ್ಟು ಪೂರ್ತಿ ಹೋಗದಿದ್ದರೂ ನಡೆಯುತ್ತದೆ.

ಕಾಗದದ ಪೊಟ್ಟಣ ಕಟ್ಟಿ, ಅದನ್ನು ಬಿಗಿ ಮುಚ್ಚಳದ ಗಾಜಿನ ಬಾಟಲಿಯಲ್ಲಿಡಿ. ಜೊತೆಗೆ ಬಾಣಲೆಯಲ್ಲಿ ಬೆಚ್ಚಗೆ ಹುರಿದು ಆರಿಸಿದ ಒಂದು ಹಿಡಿ ಅಕ್ಕಿ ಹಾಕಿ, ಮಳೆಗಾಲದ ತೇವವನ್ನು ಅದು ಎಳೆದುಕೊಳ್ಳುತ್ತದೆ. ಪ್ಲಾಸ್ಟಿಕ್ ಕವರ್ ಬೇಡ. ಪೊಟ್ಟಣದ ಮೇಲೆ ಬೀಜ ತೆಗೆದ ತಿಂಗಳು, ವರ್ಷ ಎರಡನ್ನೂ ಬರೆಯಿರಿ. ಬರುವ ಅಕ್ಟೋಬರ್ ಕೊನೆಗೆ ಒಂದು ಚಿಟಿಕೆ ತೆಗೆದು ಒದ್ದೆ ಟಿಶ್ಯೂ ಮೇಲೆ ಹಾಕಿ ನೋಡಿ. ಮಿಕ್ಕ ಬೀಜವನ್ನು ಆ ನವೆಂಬರ್‌ನಲ್ಲೇ ನೆರೆಹೊರೆಯವರಿಗೆ ಹಂಚಿಬಿಡಿ, ಮತ್ತೊಂದು ವರ್ಷಕ್ಕೆ ಅದು ಉಳಿಯುವುದಿಲ್ಲ.